ಹಬ್ಬದ ದಿನಗಳಲ್ಲಿ ಸಾಕುಪ್ರಾಣಿಗಳ ಸುರಕ್ಷತೆ: ಪಶುವೈದ್ಯ ಚಿಕಿತ್ಸಾಲಯಗಳು ಗ್ರಾಹಕರಿಗೆ ತಿಳಿವಳಿಕೆ ನೀಡುವ ಮಾರ್ಗಗಳು

ಹಬ್ಬಹರಿದಿನಗಳು ವ್ಯಾಪಾರ ವಲಯಕ್ಕೆ ಸುಗ್ಗಿಯ ಕಾಲ. ಸಿಹಿತಿಂಡಿ, ಜವಳಿ, ಪಟಾಕಿ, ಹೂವು, ಪೂಜಾ ಸಾಮಗ್ರಿ ಮುಂತಾದ ಎಲ್ಲ ವಹಿವಾಟುಗಳೂ ಈ ದಿನಗಳಲ್ಲಿ ಏರುಮುಖವಾಗಿರುತ್ತವೆ. ಇದೇ ದಿನಗಳಲ್ಲಿ ಖಾಸಗಿ ಪಶುವೈದ್ಯ ಚಿಕಿತ್ಸಾಲಯಗಳಲ್ಲಿಯೂ ಜನಸಂದಣಿ ಹೆಚ್ಚುತ್ತದೆ. ಆದರೆ ಅಲ್ಲಿಗೆ ಬರುವವರು ಸಂತೋಷದಿಂದ ಬರುವವರಲ್ಲ. ಪಟಾಕಿ ಸದ್ದಿಗೆ ಬೆದರಿ ಗೇಟು ಹಾರಿ ಗಾಯಗೊಂಡ ನಾಯಿ, ಚಾಕೊಲೇಟ್ ತಿಂದು ನಡುಗುತ್ತಿರುವ ಮರಿ, ಹೋಳಿಗೆ ಪಾಯಸ ಮಿತಿಮೀರಿ ತಿಂದು ಹೊಟ್ಟೆಯುಬ್ಬರಿಸಿದ ಹಸು ಇವುಗಳ ಮಾಲೀಕರು ಗಾಬರಿಯಿಂದ ಓಡಿ ಬರುತ್ತಾರೆ. ಇವುಗಳಲ್ಲಿ ಹೆಚ್ಚಿನ ಪ್ರಕರಣಗಳು ಮುನ್ನೆಚ್ಚರಿಕೆಯಿಂದ ತಪ್ಪಿಸಬಹುದಾದಂಥವು. ಆ ಮುನ್ನೆಚ್ಚರಿಕೆಯನ್ನು ಗ್ರಾಹಕರ ಮನಸ್ಸಿಗೆ ನಾಟುವಂತೆ ತಲುಪಿಸುವುದು ಹೇಗೆ, ಅದಕ್ಕೆ ತಗಲುವ ವೆಚ್ಚವೆಷ್ಟು, ಕಾನೂನಿನ ಮಿತಿಗಳೇನು, ಇತರ ವರ್ತಕರು ಇದರಲ್ಲಿ ಹೇಗೆ ಪಾಲ್ಗೊಳ್ಳಬಹುದು ಎಂಬ ಅಂಶಗಳನ್ನು ಈ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಅಪಾಯಗಳ ಸ್ವರೂಪ

ತಿಳಿವಳಿಕೆ ನೀಡುವ ಮೊದಲು ಯಾವ ವಿಷಯದ ಬಗ್ಗೆ ನೀಡಬೇಕೆಂಬುದು ಸ್ಪಷ್ಟವಾಗಿರಬೇಕು. ಕರ್ನಾಟಕದ ಹಬ್ಬಗಳ ಸಂದರ್ಭದಲ್ಲಿ ಕಂಡುಬರುವ ಅಪಾಯಗಳನ್ನು ಸ್ಥೂಲವಾಗಿ ನಾಲ್ಕು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ಶಬ್ದ. ಮನುಷ್ಯನ ಕಿವಿ ಸುಮಾರು 20,000 ಹರ್ಟ್ಸ್‌ವರೆಗಿನ ಧ್ವನಿಯನ್ನು ಗ್ರಹಿಸಿದರೆ, ನಾಯಿಯ ಕಿವಿ ಸುಮಾರು 45,000 ಹರ್ಟ್ಸ್‌ವರೆಗೂ ಬೆಕ್ಕಿನ ಕಿವಿ ಸುಮಾರು 64,000 ಹರ್ಟ್ಸ್‌ವರೆಗೂ ಗ್ರಹಿಸಬಲ್ಲದು. 1999ರಲ್ಲಿ ಪ್ರಕಟವಾದ ಕೇಂದ್ರ ಸರ್ಕಾರದ ಮಾನಕದ ಪ್ರಕಾರ ಪಟಾಕಿ ಸಿಡಿಯುವ ಸ್ಥಳದಿಂದ 4 ಮೀಟರ್ ದೂರದಲ್ಲಿ ಶಬ್ದವು 125 ಡೆಸಿಬಲ್ ಮೀರಬಾರದು. ಈ ಮಿತಿಯೊಳಗಿನ ಸದ್ದೂ ಪ್ರಾಣಿಗಳಿಗೆ ಭಯಾನಕವೇ. ಹೊಗೆ ಮತ್ತು ರಾಸಾಯನಿಕಗಳನ್ನು ತಗ್ಗಿಸುವ ಉದ್ದೇಶದಿಂದ ರೂಪಿಸಲಾದ ಹಸಿರು ಪಟಾಕಿಗಳೂ ನಿಶ್ಶಬ್ದವಾದವುಗಳಲ್ಲ ಎಂಬುದನ್ನು ಸಾಕುವವರು ತಿಳಿದಿರಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸದ್ದಿನ ಪಟಾಕಿ ಸಿಡಿಸುವುದನ್ನು ಸರ್ವೋಚ್ಚ ನ್ಯಾಯಾಲಯವು 2005ರಲ್ಲಿ ನಿಷೇಧಿಸಿತು. 2018ರ ಆದೇಶದಲ್ಲಿ ದೀಪಾವಳಿಯಂದು ರಾತ್ರಿ 8ರಿಂದ 10ರವರೆಗೆ ಮಾತ್ರ ಪಟಾಕಿಗೆ ಅವಕಾಶ ನೀಡಿತು.

ಎರಡನೆಯದು ಆಹಾರ. ದ್ರಾಕ್ಷಿ ಮತ್ತು ಒಣದ್ರಾಕ್ಷಿ ನಾಯಿಯ ಮೂತ್ರಪಿಂಡಕ್ಕೆ ಹಾನಿಕರ. ಪಾಯಸ, ಕೇಸರಿಭಾತ್, ಲಾಡು, ಶೀರ್‌ಖುರ್ಮಾ, ಕ್ರಿಸ್‌ಮಸ್ ಕೇಕ್ ಎಲ್ಲದರಲ್ಲಿಯೂ ಒಣದ್ರಾಕ್ಷಿ ಇರುತ್ತದೆ. ಚಾಕೊಲೇಟಿನಲ್ಲಿರುವ ಥಿಯೋಬ್ರೋಮಿನ್ ಎಂಬ ಅಂಶವನ್ನು ನಾಯಿಯ ದೇಹ ಬಹಳ ನಿಧಾನವಾಗಿ ಹೊರಹಾಕುತ್ತದೆ. ಹಾಲಿನ ಚಾಕೊಲೇಟಿನ ಒಂದು ಗ್ರಾಮಿನಲ್ಲಿ ಸುಮಾರು 2 ಮಿಲಿಗ್ರಾಂ ಥಿಯೋಬ್ರೋಮಿನ್ ಇದ್ದು, ದೇಹತೂಕದ ಕಿಲೋಗ್ರಾಮಿಗೆ 20 ಮಿಲಿಗ್ರಾಂ ಸೇರಿದಾಗ ವಾಂತಿ, ಚಡಪಡಿಕೆ ಮುಂತಾದ ಲಕ್ಷಣಗಳು ಕಾಣಿಸಿಕೊಳ್ಳತೊಡಗುತ್ತವೆ. ಎಂದರೆ 10 ಕಿಲೋ ತೂಕದ ನಾಯಿಗೆ 100 ಗ್ರಾಂ ಹಾಲಿನ ಚಾಕೊಲೇಟೇ ತೊಂದರೆ ಕೊಡಲು ಸಾಕು. ಕಪ್ಪು ಚಾಕೊಲೇಟಿನಲ್ಲಿ ಈ ಅಂಶ ಹಲವು ಪಟ್ಟು ಹೆಚ್ಚು. ಸಕ್ಕರೆರಹಿತ ಎಂದು ಮಾರಾಟವಾಗುವ ಕೆಲವು ತಿನಿಸುಗಳಲ್ಲಿ ಬಳಸುವ ಝೈಲಿಟಾಲ್ ನಾಯಿಯ ರಕ್ತದ ಸಕ್ಕರೆಯನ್ನು ಅಪಾಯಕರ ಮಟ್ಟಕ್ಕೆ ಇಳಿಸುತ್ತದೆ. ಈರುಳ್ಳಿ, ಬೆಳ್ಳುಳ್ಳಿಗಳು ನಾಯಿ ಬೆಕ್ಕುಗಳ ಕೆಂಪು ರಕ್ತಕಣಗಳನ್ನು ನಾಶಪಡಿಸುತ್ತವೆ. ತುಪ್ಪ, ಎಣ್ಣೆಯಲ್ಲಿ ಕರಿದ ತಿಂಡಿಗಳಿಂದ ಮೇದೋಜೀರಕ ಗ್ರಂಥಿಯ ಉರಿಯೂತ ಉಂಟಾಗಬಹುದು. ಬಕ್ರೀದ್, ಕ್ರಿಸ್‌ಮಸ್ ಸಮಯದಲ್ಲಿ ಬೇಯಿಸಿದ ಮೂಳೆಗಳು ಸೀಳಿ ಕರುಳಿಗೆ ಚುಚ್ಚಿಕೊಳ್ಳುವ ಸಂಭವವಿದೆ.

ಮೂರನೆಯದು ಪೂಜಾ ಮತ್ತು ಅಲಂಕಾರ ಸಾಮಗ್ರಿ. ಕರ್ಪೂರ ವಿಷಕಾರಿ. ಪೂಜೆಗೆ ಬಳಸಿ ಎಸೆಯುವ ಹೂವುಗಳಲ್ಲಿ ಕಣಗಿಲೆ ಇದ್ದರೆ ಅದು ದನಕರುಗಳ ಹಾಗೂ ನಾಯಿಗಳ ಹೃದಯದ ಮೇಲೆ ಪರಿಣಾಮ ಬೀರುತ್ತದೆ. ಲಿಲ್ಲಿ ಜಾತಿಯ ಕೆಲವು ಹೂಗಳು ಬೆಕ್ಕುಗಳಿಗೆ ಮಾರಕ. ನೆಲದಲ್ಲಿಟ್ಟ ಹಣತೆ, ಸಾಲುದೀಪದ ವಿದ್ಯುತ್ ತಂತಿ, ಸಿಡಿಯದೆ ಉಳಿದ ಪಟಾಕಿ ಇವೂ ಇದೇ ಗುಂಪಿಗೆ ಸೇರುತ್ತವೆ.

ನಾಲ್ಕನೆಯದು ದನಕರುಗಳಿಗೆ ಸಂಬಂಧಿಸಿದ್ದು. ಬಲಿಪಾಡ್ಯಮಿಯ ಗೋಪೂಜೆ ಮತ್ತು ಸಂಕ್ರಾಂತಿಯಂದು ಪ್ರೀತಿಯಿಂದಲೇ ಅನ್ನ, ಹೋಳಿಗೆ, ಕಡುಬು, ಬೆಲ್ಲ, ಬಾಳೆಹಣ್ಣುಗಳನ್ನು ರಾಶಿಯಾಗಿ ತಿನ್ನಿಸಲಾಗುತ್ತದೆ. ಪಿಷ್ಟ ಮತ್ತು ಸಕ್ಕರೆ ಒಮ್ಮೆಲೇ ಸೇರಿದಾಗ ಮೆಲುಕುಚೀಲದಲ್ಲಿ ಆಮ್ಲತೆ ಏರಿ, ಹಸು ಮೇವು ಬಿಟ್ಟು ಮಲಗಿಬಿಡುತ್ತದೆ. ಚಿಕಿತ್ಸೆ ತಡವಾದರೆ ಸಾವು ಸಂಭವಿಸಬಹುದು. ಹಾರ ಕಟ್ಟಲು ಬಳಸಿದ ತಂತಿಯನ್ನು ದನ ಮೇವಿನೊಡನೆ ನುಂಗಿದರೆ ಅದು ಹೊಟ್ಟೆಯ ಗೋಡೆಯನ್ನು ಚುಚ್ಚಿ ಹೃದಯದವರೆಗೂ ತಲುಪಬಹುದು. ಮಂಡ್ಯ, ಮೈಸೂರು ಭಾಗಗಳಲ್ಲಿ ಸಂಕ್ರಾಂತಿಯ ಸಂಜೆ ಕಿಚ್ಚು ಹಾಯಿಸುವಾಗ ಸುಟ್ಟಗಾಯಗಳಾಗುವ ಸಂಭವವೂ ಇರುತ್ತದೆ.

ಕರಪತ್ರಗಳು ವಿಫಲವಾಗುವುದೇಕೆ?

ಅನೇಕ ಚಿಕಿತ್ಸಾಲಯಗಳು ಹಬ್ಬದ ಮುನ್ನಾದಿನ ‘ಏನು ಮಾಡಬೇಕು, ಏನು ಮಾಡಬಾರದು’ ಎಂಬ ಇಪ್ಪತ್ತು ಅಂಶಗಳ ಕರಪತ್ರವನ್ನು ಹಂಚುತ್ತವೆ ಅಥವಾ ಮೊಬೈಲ್ ಮೂಲಕ ಕಳುಹಿಸುತ್ತವೆ. ಇದರಿಂದ ನಿರೀಕ್ಷಿತ ಫಲ ದೊರಕದಿರಲು ಮೂರು ಕಾರಣಗಳಿವೆ. ಒಂದು, ಮಾಹಿತಿ ತಲುಪುವ ಹೊತ್ತಿಗೆ ಕಾಲ ಮೀರಿರುತ್ತದೆ. ಶಬ್ದಕ್ಕೆ ನಾಯಿಯನ್ನು ಒಗ್ಗಿಸಲು ಹಲವು ವಾರಗಳ ಅಭ್ಯಾಸ ಬೇಕು. ಹಿಂದಿನ ದಿನ ಹೇಳಿ ಪ್ರಯೋಜನವಿಲ್ಲ. ಎರಡು, ಇಪ್ಪತ್ತು ಅಂಶಗಳಲ್ಲಿ ಓದುಗನ ನೆನಪಿನಲ್ಲಿ ಉಳಿಯುವುದು ಒಂದೋ ಎರಡೋ. ಮೂರು, ಕರಪತ್ರವು ಚಿಕಿತ್ಸಾಲಯಕ್ಕೆ ಬರುವ ವ್ಯಕ್ತಿಯ ಕೈ ಸೇರುತ್ತದೆಯೇ ಹೊರತು ಮನೆಯಲ್ಲಿ ನಾಯಿಗೆ ತಿನ್ನಿಸುವ ಅಜ್ಜಿ, ಮೊಮ್ಮಕ್ಕಳು, ಕೆಲಸದವರು ಮತ್ತು ಹಬ್ಬಕ್ಕೆ ಬಂದ ನೆಂಟರ ಕೈ ಸೇರುವುದಿಲ್ಲ. ಆದುದರಿಂದ ಸಕಾಲಿಕವಾದ, ಒಂದು ಬಾರಿಗೆ ಒಂದೇ ವಿಷಯವನ್ನು ಹೇಳುವ, ಮನೆಮಂದಿಗೆಲ್ಲ ಕಾಣುವ ವಿಧಾನಗಳನ್ನು ಅನುಸರಿಸುವುದು ಉಚಿತ.

ಅನುಸರಿಸಬಹುದಾದ ವಿಧಾನಗಳು

1. ಹಬ್ಬದ ಕ್ಯಾಲೆಂಡರ್: ಪ್ರಾಣಿಯ ಲಸಿಕೆ ಮತ್ತು ಜಂತುನಾಶಕದ ದಿನಾಂಕಗಳನ್ನು ಬರೆದುಕೊಳ್ಳಲು ಸ್ಥಳವಿರುವ ಗೋಡೆ ಕ್ಯಾಲೆಂಡರಿನಲ್ಲಿ ಆಯಾ ಹಬ್ಬಕ್ಕೆ ತಕ್ಕ ಒಂದೊಂದೇ ಸೂಚನೆಯನ್ನು ಮುದ್ರಿಸಬಹುದು. ದೀಪಾವಳಿಯ ಸೂಚನೆಯು ದೀಪಾವಳಿಯ ತಿಂಗಳಲ್ಲಿರದೆ ಗಣೇಶ ಚತುರ್ಥಿಯ ಆಸುಪಾಸಿನಲ್ಲಿರಬೇಕು. ಶಬ್ದದ ಅಭ್ಯಾಸವನ್ನು ಅಂದೇ ಆರಂಭಿಸಬೇಕಾಗುತ್ತದೆ. ಕ್ಯಾಲೆಂಡರ್ ಅಡುಗೆಮನೆಯಲ್ಲಿ ತೂಗುವುದರಿಂದ ಮನೆಯವರೆಲ್ಲರ ಕಣ್ಣಿಗೂ ಬೀಳುತ್ತದೆ.

2. ಎರಡು ತಟ್ಟೆಗಳ ಪ್ರದರ್ಶನ: ಕಾಯುವ ಕೊಠಡಿಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಎರಡು ತಟ್ಟೆಗಳನ್ನು ಇಡಬಹುದು. ಒಂದರಲ್ಲಿ ನಾಯಿಗೆ ಕೊಡಬಾರದ ಹಬ್ಬದ ತಿನಿಸುಗಳು. ಇನ್ನೊಂದರಲ್ಲಿ ಕೊಡಬಹುದಾದ ಬೇಯಿಸಿದ ಕ್ಯಾರೆಟ್, ಕುಂಬಳಕಾಯಿ, ಉಪ್ಪು ಮಸಾಲೆಯಿಲ್ಲದ ಕೋಳಿಮಾಂಸ ಮುಂತಾದವು. ಪಕ್ಕದಲ್ಲಿ 5, 10, 20 ಕಿಲೋ ತೂಕದ ನಾಯಿಗಳಿಗೆ ಎಷ್ಟು ಗ್ರಾಂ ಚಾಕೊಲೇಟ್ ಅಪಾಯಕರವೆಂಬುದನ್ನು ಚಾಕೊಲೇಟ್ ಪಟ್ಟಿಯ ಅಳತೆಯಲ್ಲಿಯೇ ತೋರಿಸಬೇಕು. ಬರಿಯ ಅಂಕಿಗಳಿಗಿಂತ ವಸ್ತುವಿನ ಗಾತ್ರ ಬೇಗ ಅರ್ಥವಾಗುತ್ತದೆ. ನಿಷೇಧದ ಪಟ್ಟಿಯೊಂದನ್ನೇ ಕೊಡದೆ ಪರ್ಯಾಯವನ್ನೂ ಕೊಡುವುದು ಮುಖ್ಯ; ಹಬ್ಬದ ದಿನ ಪ್ರಾಣಿಗೆ ಏನನ್ನೂ ಕೊಡದಿರಲು ಯಾರ ಮನಸ್ಸೂ ಒಪ್ಪುವುದಿಲ್ಲ.

3. ಔಷಧಿ ಕವರಿನ ಹಿಂಬದಿ: ಮಾತ್ರೆ ಹಾಕಿ ಕೊಡುವ ಕಾಗದದ ಕವರು ಮತ್ತು ಔಷಧ ಚೀಟಿಯ ಹಿಂಭಾಗ ಸಾಮಾನ್ಯವಾಗಿ ಖಾಲಿಯಾಗಿರುತ್ತದೆ. ಅಲ್ಲಿ ಆ ತಿಂಗಳಿಗೆ ಸಂಬಂಧಿಸಿದ ಒಂದು ವಾಕ್ಯವನ್ನು ರಬ್ಬರ್ ಮೊಹರಿನಿಂದ ಒತ್ತಿದರೆ ಸಾಕು. ಇದಕ್ಕೆ ತಗಲುವ ವೆಚ್ಚ ನಗಣ್ಯ.

4. ಧ್ವನಿಮುದ್ರಿಕೆಯ ಅಭ್ಯಾಸ: ಪಟಾಕಿ ಸದ್ದಿನ ಧ್ವನಿಮುದ್ರಣವನ್ನು ಗ್ರಾಹಕರ ಮೊಬೈಲಿಗೆ ಒದಗಿಸಿ, ಮೊದಲು ಅತಿ ಕಡಿಮೆ ಧ್ವನಿಯಲ್ಲಿ ಕೇಳಿಸಿ, ಪ್ರತಿ ಸದ್ದಿನ ಬೆನ್ನಿಗೇ ಪ್ರಿಯವಾದ ತಿನಿಸು ಕೊಡುತ್ತಾ, ವಾರಗಳ ಅವಧಿಯಲ್ಲಿ ಕ್ರಮೇಣ ಧ್ವನಿಯನ್ನು ಏರಿಸುವ ಪದ್ಧತಿಯನ್ನು ಕಲಿಸಬಹುದು. ನಾಯಿ ಬೆದರಿದ ಲಕ್ಷಣ ತೋರಿದರೆ ಧ್ವನಿಯನ್ನು ತಗ್ಗಿಸಿ ಹಿಂದಿನ ಹಂತಕ್ಕೆ ಮರಳಬೇಕು. ಈ ಅಭ್ಯಾಸವನ್ನು ಚಿಕಿತ್ಸಾಲಯದಲ್ಲಿ ಒಮ್ಮೆ ಪ್ರತ್ಯಕ್ಷವಾಗಿ ಮಾಡಿ ತೋರಿಸುವುದು ಒಳ್ಳೆಯದು. ಭಯಗೊಂಡ ನಾಯಿಯನ್ನು ಸಂತೈಸಿದರೆ ಭಯ ಹೆಚ್ಚುತ್ತದೆಂಬ ತಪ್ಪು ನಂಬಿಕೆಯನ್ನು ಇದೇ ಸಂದರ್ಭದಲ್ಲಿ ನಿವಾರಿಸಬಹುದು.

5. ಹೆಸರುಪಟ್ಟಿ ದಿನ: ದೀಪಾವಳಿಗೆ ಮೂರು ವಾರ ಮೊದಲು ಒಂದು ಭಾನುವಾರವನ್ನು ಗೊತ್ತುಪಡಿಸಿ, ಕೊರಳಪಟ್ಟಿಗೆ ಮಾಲೀಕರ ದೂರವಾಣಿ ಸಂಖ್ಯೆ ಕೆತ್ತಿದ ಬಿಲ್ಲೆಯನ್ನು ಸ್ಥಳದಲ್ಲಿಯೇ ತಯಾರಿಸಿಕೊಡುವ ವ್ಯವಸ್ಥೆ ಮಾಡಬಹುದು. ಚರ್ಮದಡಿ ಅಳವಡಿಸುವ 15 ಅಂಕಿಗಳ ಮೈಕ್ರೋಚಿಪ್ ಇರುವ ಪ್ರಾಣಿಗಳ ಸಂಖ್ಯೆಯನ್ನು ಓದಿ, ದಾಖಲೆಯಲ್ಲಿರುವ ಮೊಬೈಲ್ ಸಂಖ್ಯೆ ಸರಿಯಿದೆಯೇ ಎಂದು ಅಂದೇ ಪರಿಶೀಲಿಸಬಹುದು. ಮನೆ ಬದಲಿಸಿದರೂ ದಾಖಲೆ ಬದಲಿಸದಿದ್ದರೆ ಚಿಪ್‌ನಿಂದ ಪ್ರಯೋಜನವಾಗದು.

6. ಮಕ್ಕಳ ಮೂಲಕ ಪ್ರಚಾರ: ಬಡಾವಣೆಯ ಶಾಲೆಗಳಲ್ಲಿ ‘ನಮ್ಮ ಮನೆಯ ನಾಯಿಗೆ ಹಬ್ಬದ ಊಟ’ ಎಂಬಂಥ ವಿಷಯದ ಮೇಲೆ ಚಿತ್ರಸ್ಪರ್ಧೆ ಏರ್ಪಡಿಸಿ, ಉತ್ತಮ ಚಿತ್ರವನ್ನು ಮುಂದಿನ ವರ್ಷದ ಕ್ಯಾಲೆಂಡರಿನಲ್ಲಿ ಮುದ್ರಿಸಬಹುದು. ತಟ್ಟೆಯಿಂದ ಗುಟ್ಟಾಗಿ ಲಾಡು ಹಾಕುವವರು ಬಹುಪಾಲು ಮಕ್ಕಳೇ ಆದುದರಿಂದ ಈ ವಿಧಾನ ನೇರವಾಗಿ ಫಲ ನೀಡುತ್ತದೆ.

7. ವಸತಿ ಸಮುಚ್ಚಯಗಳ ಸಹಕಾರ: ನಿವಾಸಿಗಳ ಸಂಘದೊಡನೆ ಮಾತುಕತೆ ನಡೆಸಿ ಲಿಫ್ಟಿನೊಳಗೆ ಒಂದು ಸೂಚನಾಫಲಕ, ಪಟಾಕಿ ಹಚ್ಚುವ ನಿಗದಿತ ಸ್ಥಳ ಹಾಗೂ ವೇಳೆ, ನಾಯಿಗಳನ್ನು ಸಂಜೆಯಾಗುವ ಮೊದಲೇ ಹೊರಗೆ ಸುತ್ತಾಡಿಸಿಕೊಂಡು ಬರುವ ಸಲಹೆ ಇವುಗಳನ್ನು ಜಾರಿಗೆ ತರಬಹುದು. ಸಾಕದವರ ಸಹಕಾರವೂ ದೊರೆಯುವುದು ಇದರ ವಿಶೇಷ.

8. ಹಾಲಿನ ಡೇರಿಯಲ್ಲಿ ಮಾತುಕತೆ: ಗ್ರಾಮಾಂತರ ಪ್ರದೇಶಗಳಲ್ಲಿ ಹಾಲು ಉತ್ಪಾದಕರ ಸಂಘದ ಡೇರಿಗೆ ರೈತರು ದಿನಕ್ಕೆರಡು ಬಾರಿ ಬರುತ್ತಾರೆ. ಸಂಕ್ರಾಂತಿ ಮತ್ತು ದೀಪಾವಳಿಗೆ ಮುಂಚಿನ ವಾರ ಅಲ್ಲಿ ಹತ್ತು ನಿಮಿಷ ಮಾತನಾಡಿದರೆ ಊರಿನ ಬಹುಪಾಲು ಮಂದಿಯನ್ನು ತಲುಪಿದಂತಾಗುತ್ತದೆ. ‘ನೈವೇದ್ಯ ಒಂದು ಹಿಡಿ, ಹೊಟ್ಟೆ ತುಂಬ ಮೇವು’ ಎಂಬಂತಹ ಸರಳ ಮಾತು ನಂಬಿಕೆಗೆ ಧಕ್ಕೆ ತಾರದೆ ವಿಷಯವನ್ನು ತಲುಪಿಸುತ್ತದೆ. ಮನೆಬಾಗಿಲಿಗೆ ಬರುವ ಸಂಚಾರಿ ಪಶುಚಿಕಿತ್ಸಾ ಘಟಕದ 1962 ಸಹಾಯವಾಣಿ ಸಂಖ್ಯೆಯನ್ನೂ ಅಲ್ಲಿ ಬರೆಸಿಡಬೇಕು.

9. ತುರ್ತು ಚೀಟಿ: ಫ್ರಿಜ್‌ಗೆ ಅಂಟಿಸುವ ಚಿಕ್ಕ ಚೀಟಿಯಲ್ಲಿ ಪ್ರಾಣಿಯ ಹೆಸರು, ತೂಕ, ಹಬ್ಬದ ರಾತ್ರಿ ತೆರೆದಿರುವ ಚಿಕಿತ್ಸಾಲಯದ ದೂರವಾಣಿ ಸಂಖ್ಯೆ ಮತ್ತು ನಾಲ್ಕು ಸೂಚನೆಗಳಿರಬೇಕು: ತಿಂದ ವಸ್ತುವಿನ ಪೊಟ್ಟಣವನ್ನು ಜೊತೆಯಲ್ಲಿ ತನ್ನಿ; ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ; ಸುಟ್ಟಗಾಯಕ್ಕೆ ತಣ್ಣೀರು ಹರಿಸಿ, ಅರಿಶಿನ ಅಥವಾ ಟೂತ್‌ಪೇಸ್ಟ್ ಹಚ್ಚಬೇಡಿ; ಮನುಷ್ಯರ ನಿದ್ರೆಮಾತ್ರೆ, ನೋವಿನ ಮಾತ್ರೆಗಳನ್ನು ಕೊಡಬೇಡಿ. ಪ್ಯಾರಾಸಿಟಮಾಲ್ ಮಾತ್ರೆ ಬೆಕ್ಕಿನ ಪ್ರಾಣವನ್ನೇ ತೆಗೆಯಬಲ್ಲದು.

ಯಾವ ವಿಧಾನವನ್ನು ಅನುಸರಿಸಿದರೂ ಗ್ರಾಹಕರು ವಿಷಯವನ್ನು ಗ್ರಹಿಸಿದ್ದಾರೆಯೇ ಎಂದು ತಿಳಿಯಲು ಸುಲಭೋಪಾಯವೊಂದಿದೆ. ‘ಮನೆಗೆ ಹೋಗಿ ಮಕ್ಕಳಿಗೆ ಏನೆಂದು ಹೇಳುವಿರಿ?’ ಎಂದು ಕೇಳಿ ಅವರ ಬಾಯಿಂದಲೇ ಹೇಳಿಸಬೇಕು. ಈ ಕೆಲಸವನ್ನು ವೈದ್ಯರೇ ಮಾಡಬೇಕೆಂದಿಲ್ಲ; ತರಬೇತಿ ಪಡೆದ ಸಹಾಯಕರೂ ಮಾಡಬಹುದು.

ವೆಚ್ಚ ಮತ್ತು ಆದಾಯದ ಲೆಕ್ಕಾಚಾರ

ತುರ್ತು ಪ್ರಕರಣಗಳು ಕಡಿಮೆಯಾದರೆ ಚಿಕಿತ್ಸಾಲಯದ ಆದಾಯವೂ ಇಳಿಯುವುದಿಲ್ಲವೇ ಎಂಬ ಪ್ರಶ್ನೆ ವ್ಯವಹಾರದ ದೃಷ್ಟಿಯಿಂದ ಸಹಜವಾದುದು. ಆದರೆ ಹಬ್ಬದ ರಾತ್ರಿಯ ತುರ್ತು ಸೇವೆ ಮೇಲ್ನೋಟಕ್ಕೆ ಕಾಣುವಷ್ಟು ಲಾಭದಾಯಕವಲ್ಲ. ಸಿಬ್ಬಂದಿಗೆ ಹೆಚ್ಚುವರಿ ಭತ್ಯೆ ನೀಡಬೇಕಾಗುತ್ತದೆ. ಔಷಧಗಳನ್ನು ಮುಂಚಿತವಾಗಿ ದಾಸ್ತಾನು ಮಾಡಬೇಕಾಗುತ್ತದೆ. ಗಾಬರಿಯಲ್ಲಿ ಬಂದವರಿಂದ ಶುಲ್ಕದ ಒಂದು ಭಾಗ ಬಾಕಿ ಉಳಿಯುವುದೂ ಉಂಟು. ಪ್ರಾಣಿ ಉಳಿಯದಿದ್ದಲ್ಲಿ ಗ್ರಾಹಕರ ಸಂಬಂಧವೇ ಕಡಿದುಹೋಗುತ್ತದೆ. ಉಳಿದ ಪ್ರಾಣಿಯಾದರೋ ಹತ್ತಾರು ವರ್ಷ ಲಸಿಕೆಗೂ ತಪಾಸಣೆಗೂ ಬರುತ್ತಿರುತ್ತದೆ.

ಉದಾಹರಣೆಗಾಗಿ 500 ಮಂದಿ ನಿಯತ ಗ್ರಾಹಕರಿರುವ ಒಂದು ಚಿಕಿತ್ಸಾಲಯವನ್ನು ಕಲ್ಪಿಸಿಕೊಳ್ಳಬಹುದು. ತಲಾ 20 ರೂಪಾಯಿಯಂತೆ 500 ಕ್ಯಾಲೆಂಡರಿಗೆ 10,000 ರೂ., ಕವರು ಮತ್ತು ಚೀಟಿಗಳ ಮುದ್ರಣಕ್ಕೆ 3,000 ರೂ., ಹೆಸರುಪಟ್ಟಿ ದಿನದ ವ್ಯವಸ್ಥೆಗೆ 4,000 ರೂ. ಎಂದಿಟ್ಟುಕೊಂಡರೆ ಒಟ್ಟು ವೆಚ್ಚ 17,000 ರೂ. ಆಗುತ್ತದೆ. ಹಬ್ಬಪೂರ್ವ ತಪಾಸಣೆಯೊಂದರಿಂದ ನೇರ ಖರ್ಚು ಕಳೆದು 250 ರೂ. ಉಳಿಯುವುದಾದರೆ 68 ತಪಾಸಣೆಗಳಿಂದ ಈ ವೆಚ್ಚ ಹಿಂತಿರುಗುತ್ತದೆ. ಎಂದರೆ ಏಳು ಗ್ರಾಹಕರಲ್ಲಿ ಒಬ್ಬರು ಮುಂಚಿತವಾಗಿ ಬಂದರೆ ಸಾಕು. ಆಯಾ ಚಿಕಿತ್ಸಾಲಯಗಳು ತಮ್ಮ ಊರಿನ ದರಗಳನ್ನು ಇದೇ ಕೋಷ್ಟಕದಲ್ಲಿ ಅಳವಡಿಸಿ ನೋಡಿಕೊಳ್ಳಬಹುದು.

ಫಲಿತಾಂಶವನ್ನು ಅಳೆಯಲು ಒಂದು ಸರಳ ವಹಿ ಸಾಕು. ಹಬ್ಬದ ಹಿಂದಿನ ಮೂರು ದಿನ ಹಾಗೂ ನಂತರದ ನಾಲ್ಕು ದಿನಗಳಲ್ಲಿ ಬಂದ ತುರ್ತು ಪ್ರಕರಣಗಳನ್ನು ಶಬ್ದ, ಆಹಾರ, ಸುಟ್ಟಗಾಯ, ಕಾಣೆಯಾದದ್ದು, ಇತರೆ ಎಂಬ ಐದು ಕಲಮುಗಳಲ್ಲಿ ದಾಖಲಿಸಿ, ಮಾಹಿತಿ ಮೊದಲೇ ತಲುಪಿತ್ತೇ ಎಂಬುದನ್ನೂ ಬರೆದಿಡಬೇಕು. ಎರಡು ಮೂರು ವರ್ಷಗಳ ದಾಖಲೆಗಳನ್ನು ಹೋಲಿಸಿದಾಗ ಯಾವ ವಿಧಾನಕ್ಕೆ ಹಣ ವಿನಿಯೋಗಿಸಬೇಕು, ಯಾವುದನ್ನು ಕೈಬಿಡಬೇಕು ಎಂಬುದು ತಿಳಿದುಬರುತ್ತದೆ.

ಗಮನಿಸಬೇಕಾದ ಕಾನೂನು ಅಂಶಗಳು

ವೃತ್ತಿ ನಿಯಮ: ಭಾರತೀಯ ಪಶುವೈದ್ಯಕೀಯ ಪರಿಷತ್ ಅಧಿನಿಯಮ, 1984ರ ಅನ್ವಯ ನೋಂದಾಯಿತರಾದ ವೈದ್ಯರು 1992ರ ವೃತ್ತಿ ನಡವಳಿಕೆ ನಿಯಮಗಳಿಗೆ ಬದ್ಧರು. ಗ್ರಾಹಕರನ್ನು ಸೆಳೆಯುವ ಜಾಹೀರಾತು ವೃತ್ತಿಧರ್ಮಕ್ಕೆ ಒಪ್ಪುವಂಥದಲ್ಲ. ಆದಕಾರಣ ಪ್ರಕಟಣೆಗಳಲ್ಲಿ ಮಾಹಿತಿಗೆ ಪ್ರಾಧಾನ್ಯವಿರಬೇಕು. ವೈದ್ಯರ ಹೊಗಳಿಕೆ, ಇತರರೊಡನೆ ಹೋಲಿಕೆ, ಶುಲ್ಕದ ರಿಯಾಯಿತಿಯ ಆಮಿಷ ಇರಕೂಡದು.

ಸರಕು ಮತ್ತು ಸೇವಾ ತೆರಿಗೆ: ಪ್ರಾಣಿ ಪಕ್ಷಿಗಳ ಆರೋಗ್ಯಕ್ಕೆ ಸಂಬಂಧಿಸಿದಂತೆ ಪಶುವೈದ್ಯ ಚಿಕಿತ್ಸಾಲಯ ನೀಡುವ ಸೇವೆಗಳಿಗೆ 28-6-2017ರ ಕೇಂದ್ರ ತೆರಿಗೆ (ದರ) ಅಧಿಸೂಚನೆ ಸಂಖ್ಯೆ 12/2017ರಲ್ಲಿ ವಿನಾಯಿತಿ ನೀಡಲಾಗಿದೆ. ಆದರೆ ಕೌಂಟರಿನಲ್ಲಿ ಮಾರುವ ನಾಯಿ ಆಹಾರ, ಕೊರಳಪಟ್ಟಿ, ಬಿಲ್ಲೆಗಳಿಗಾಗಲಿ, ಸ್ನಾನ ಹಾಗೂ ಕೂದಲು ಕತ್ತರಿಸುವ ಸೇವೆಗಾಗಲಿ, ಹಬ್ಬದ ರಜೆಯಲ್ಲಿ ನಾಯಿಯನ್ನು ಇರಿಸಿಕೊಳ್ಳುವ ಸೇವೆಗಾಗಲಿ ಈ ವಿನಾಯಿತಿ ಅನ್ವಯಿಸುವುದಿಲ್ಲ. ಇಂತಹ ಮಿಶ್ರ ವಹಿವಾಟಿದ್ದಲ್ಲಿ, ನೋಂದಣಿಯ 20 ಲಕ್ಷ ರೂ. ಮಿತಿಯನ್ನು ಲೆಕ್ಕ ಹಾಕುವಾಗ ವಿನಾಯಿತಿ ಪಡೆದ ಚಿಕಿತ್ಸಾ ಶುಲ್ಕವನ್ನೂ ಸೇರಿಸಬೇಕಾಗುತ್ತದೆ. ಈ ಅಂಶ ಹಲವರ ಗಮನಕ್ಕೆ ಬಂದಿರುವುದಿಲ್ಲ. ಉಚಿತ ಉಡುಗೊರೆಯಾಗಿ ಹಂಚಿದ ವಸ್ತುಗಳ ಮೇಲಿನ ಹೂಡುವಳಿ ತೆರಿಗೆಯ ಜಮೆ ದೊರೆಯುವುದಿಲ್ಲವಾದ್ದರಿಂದ ಆ ತೆರಿಗೆಯನ್ನು ವೆಚ್ಚದಲ್ಲಿಯೇ ಸೇರಿಸಿ ಲೆಕ್ಕಿಸಬೇಕು.

ಮೊಬೈಲ್ ಸಂದೇಶ: ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ, 2023ರ ಆಶಯದಂತೆ, ಸಂದೇಶ ಕಳುಹಿಸಲು ಗ್ರಾಹಕರ ಒಪ್ಪಿಗೆಯನ್ನು ನೋಂದಣಿ ಅರ್ಜಿಯಲ್ಲಿಯೇ ಬರಹದಲ್ಲಿ ಪಡೆಯುವುದು ಸೂಕ್ತ. ಸಂಖ್ಯೆಗಳನ್ನು ಇತರ ವ್ಯಾಪಾರಿಗಳಿಗೆ ಹಸ್ತಾಂತರಿಸಬಾರದು. ಮಾಲೀಕರ ಅನುಮತಿಯಿಲ್ಲದೆ ಪ್ರಾಣಿಯ ಭಾವಚಿತ್ರವನ್ನು ಮನೆಯ ವಿವರಗಳೊಂದಿಗೆ ಪ್ರಕಟಿಸುವುದೂ ಸರಿಯಲ್ಲ.

ವರ್ತಕರು ಹಾಗೂ ಸಣ್ಣ ಉದ್ಯಮಿಗಳ ಪಾತ್ರ

ಈ ಕಾರ್ಯ ಚಿಕಿತ್ಸಾಲಯಗಳಿಗೆ ಮಾತ್ರ ಸೀಮಿತವಲ್ಲ. ಸಿಹಿತಿಂಡಿ ಅಂಗಡಿಯವರು ಪೆಟ್ಟಿಗೆಯೊಳಗಿನ ಕಾಗದದ ಮೇಲೆ ‘ದ್ರಾಕ್ಷಿ, ಚಾಕೊಲೇಟ್ ಇರುವ ಸಿಹಿಯನ್ನು ನಾಯಿಗೆ ಕೊಡಬೇಡಿ’ ಎಂಬ ಒಂದು ಸಾಲು ಮುದ್ರಿಸಬಹುದು. ಸಕ್ಕರೆರಹಿತ ತಿನಿಸುಗಳ ತಯಾರಕರು ಝೈಲಿಟಾಲ್ ಬಳಸಿದ್ದಲ್ಲಿ ಅದನ್ನು ಎದ್ದುಕಾಣುವಂತೆ ನಮೂದಿಸಬಹುದು. ಪಟಾಕಿ ಮಳಿಗೆಗಳು ಕಡಿಮೆ ಸದ್ದಿನ ಮತಾಪು, ಹೂಕುಂಡ, ನೆಲಚಕ್ರಗಳನ್ನು ಪ್ರತ್ಯೇಕ ಕಪಾಟಿನಲ್ಲಿರಿಸಿ ‘ಮನೆಯಲ್ಲಿ ಸಾಕುಪ್ರಾಣಿ ಇರುವವರಿಗೆ’ ಎಂದು ಫಲಕ ಹಾಕಬಹುದು. ಹೂವಿನ ವ್ಯಾಪಾರಿಗಳು ದನಗಳ ಹಾರವನ್ನು ತಂತಿಯ ಬದಲು ಬಾಳೆನಾರಿನಿಂದ ಕಟ್ಟಬಹುದು. ಮುದ್ರಕರಿಗೆ, ಬಿಲ್ಲೆ ಕೆತ್ತುವವರಿಗೆ, ಕೊರಳಪಟ್ಟಿ ತಯಾರಿಸುವ ಚರ್ಮೋದ್ಯಮಿಗಳಿಗೆ ಇದರಿಂದ ಹೊಸ ಬೇಡಿಕೆಯೂ ಸೃಷ್ಟಿಯಾಗುತ್ತದೆ. ಬಡಾವಣೆಯ ನಾಲ್ಕಾರು ಚಿಕಿತ್ಸಾಲಯಗಳು ಒಟ್ಟುಗೂಡಿ ಒಂದೇ ಕ್ಯಾಲೆಂಡರನ್ನು ಮುದ್ರಿಸಿ, ಹಬ್ಬದ ರಾತ್ರಿಗಳನ್ನು ಸರದಿಯಂತೆ ಹಂಚಿಕೊಂಡರೆ ಪ್ರತಿಯೊಬ್ಬರ ವೆಚ್ಚವೂ ಇಳಿಯುತ್ತದೆ. ಆ ರಾತ್ರಿ ಎಲ್ಲಿಗೆ ಹೋಗಬೇಕೆಂಬ ಗ್ರಾಹಕರ ಗೊಂದಲವೂ ನಿವಾರಣೆಯಾಗುತ್ತದೆ.

ಮನೆಯಲ್ಲಿ ಪ್ರಾಣಿ ಸಾಕಿರುವವರಿಗೆ ಅದು ಕುಟುಂಬದ ಸದಸ್ಯನೇ ಆಗಿರುತ್ತದೆ; ರೈತನಿಗಾದರೋ ಹಸು ಜೀವನಾಧಾರ. ಹಬ್ಬದ ದಿನ ಅದನ್ನು ಕಳೆದುಕೊಂಡ ಮನೆಯಲ್ಲಿ ಮುಂದಿನ ವರ್ಷದ ಹಬ್ಬವೂ ಮಂಕಾಗಿರುತ್ತದೆ. ಗಣೇಶ ಚತುರ್ಥಿಯ ಹೊತ್ತಿಗೆ ಸಿದ್ಧತೆ ಆರಂಭಿಸಿದರೆ ದೀಪಾವಳಿಯ ವೇಳೆಗೆ ಈ ವಿಧಾನಗಳಲ್ಲಿ ಮೂರು ನಾಲ್ಕನ್ನಾದರೂ ಕಾರ್ಯರೂಪಕ್ಕೆ ತರಲು ಸಾಧ್ಯ. ಪಶುವೈದ್ಯರೂ ವರ್ತಕ ಬಾಂಧವರೂ ಈ ದಿಸೆಯಲ್ಲಿ ಕೈಜೋಡಿಸುವುದು ಅಪೇಕ್ಷಣೀಯ.